ಹದ್ದಿನ ಫೋಟೋ

"ಮುಚ್ಚಿರೋ ಅಂಗಡೀನ ಇನ್ನೇನು ಮುಚ್ತೀರಾ ಸರ್?"

ಅಬ್ಬಾನ ದನಿ ಬೀದಿಯ ತುದಿಗೇ ಕೇಳಿಸಿತು. ಶನಿವಾರದ ಅರ್ಧ ದಿನದ ಶಾಲೆ ಮುಗಿಸಿ ಬರುತ್ತಿದ್ದ ನಿಶತ್ ಬ್ಯಾಗನ್ನು ಗಟ್ಟಿಯಾಗಿ ಹಿಡಿದುಕೊಂಡು ಓಡಿದಳು.

ಅವರ ಚಿಕನ್ ಅಂಗಡಿಯ ಮುಂದೆ ಜೀಪು ನಿಂತಿತ್ತು. ಪಂಚಾಯ್ತಿ ಆಫೀಸಿನ ದೇವರಾಜ್ ಸಾಹೇಬರು ಎಳೆದಿದ್ದ ಶಟರ್ ಮೇಲೆ ಒಂದು ನೋಟಿಸು ಅಂಟಿಸುತ್ತಿದ್ದರು. ಅಂಟು ಹೆಚ್ಚಾಗಿ ಕಾಗದದ ಅಂಚಿನಿಂದ ಸೋರುತ್ತಿತ್ತು.

"ಅಂಗಡಿ ಮುಚ್ಚಿದೆ, ಸರಿ. ಹಾಗಾದ್ರೆ ಇಷ್ಟೊಂದು ಹದ್ದು ಎಲ್ಲಿಂದ ಬಂದ್ವು ನಜೀಬ್ ಸಾಬ್ರೆ?" ಎಂದರು ದೇವರಾಜ್. "ಒಳಗೊಳಗೇ ಕೊಯ್ದು ವೇಸ್ಟ್ ಹೊರಗೆ ಎಸೀತಿದೀರಾ ಅಂತ ಕಂಪ್ಲೇಂಟ್ ಬಂದಿದೆ. ಫೋಟೋ ಸಮೇತ."

ಅವರು ತಮ್ಮ ಮೊಬೈಲನ್ನು ಅಬ್ಬಾನ ಮುಖದ ಹತ್ತಿರ ಹಿಡಿದರು. ನಿಶತ್ ಪಕ್ಕದಿಂದ ಇಣುಕಿದಳು.

ಫೋಟೋದಲ್ಲಿ ಒಂದು ದೊಡ್ಡ ಹದ್ದು ರೆಕ್ಕೆ ಬಿಚ್ಚಿಕೊಂಡಿತ್ತು. ಆ ರೆಕ್ಕೆಯ ಕೆಳಗೆ, ದೂರದಲ್ಲಿ, ಒಂದು ಯುದ್ಧವಿಮಾನ. ಮೂಲೆಯಲ್ಲಿ ಇನ್ನೂ ಎರಡು ಹದ್ದು. ಕೆಳಗಡೆ, ತಾರಸಿಯ ಅಂಚಿಗೆ ನಿಲ್ಲಿಸಿದ್ದ ಅವರದೇ ಅಂಗಡಿಯ ಎರಡು ಬದಿಯ ಬೋರ್ಡಿನ ಅರ್ಧ ಕಾಣುತ್ತಿತ್ತು.

ಅದು ನಿಶತ್ ತೆಗೆದ ಫೋಟೋ.

"ಹನ್ನೊಂದು ದಿನ ಆಯ್ತು ಸರ್, ಶಟರ್ ಎತ್ತಿಲ್ಲ," ಎಂದ ಅಬ್ಬಾ. ಅವನ ಕುತ್ತಿಗೆಯ ನರ ಉಬ್ಬಿತ್ತು. "ಒಂದು ಕೋಳಿ ಕೊಯ್ದಿದ್ರೆ ನನ್ನ ಕೈ ಬಿದ್ದು ಹೋಗ್ಲಿ."

"ಅದನ್ನೇ ಬರೆದು ಕೊಡಿ. ಇವತ್ತು ಸಂಜೆ ಐದರೊಳಗೆ. ಇಲ್ಲಾಂದ್ರೆ ಲೈಸೆನ್ಸ್ ಕ್ಯಾನ್ಸಲ್ ಮಾಡ್ಬೇಕಾಗುತ್ತೆ. ನನ್ನ ಕೈಲಿ ಏನೂ ಇಲ್ಲ."

ಜೀಪು ಧೂಳೆಬ್ಬಿಸಿ ಹೋಯಿತು. ಅಬ್ಬಾ ಶಟರಿಗೆ ಒಂದು ಒದೆ ಕೊಟ್ಟ. ನಂತರ ಮಗಳು ಪಕ್ಕದಲ್ಲೇ ಇರುವುದು ಕಂಡು ಸುಮ್ಮನಾದ.

ಇದೆಲ್ಲ ಹತ್ತಿರದ ವಾಯುನೆಲೆಯಲ್ಲಿ ನಡೆಯುವ ಏರ್ ಶೋ ದೆಸೆಯಿಂದ. ಏರ್ ಶೋ ಬಂದರೆ ಸುತ್ತಮುತ್ತ ಮಾಂಸದ ಅಂಗಡಿ ತೆರೆಯುವ ಹಾಗಿಲ್ಲ. ಮಾಂಸದ ಚೂರು ಬಿದ್ದಲ್ಲಿ ಹದ್ದು ಬರುತ್ತದೆ. ಹದ್ದು ವಿಮಾನಕ್ಕೆ ಬಡಿದರೆ ವಿಮಾನವೇ ಬೀಳಬಹುದು. ಅದಕ್ಕೇ ಆಫೀಸಿನವರು ಮ್ಯಾಪಿನ ಮೇಲೆ ಒಂದು ಸುತ್ತುಗೆರೆ ಎಳೆದು, ಒಳಗಿದ್ದ ಅಂಗಡಿಗಳನ್ನೆಲ್ಲ ಬಂದ್ ಮಾಡಿಸುತ್ತಾರೆ.

ಆ ಗೆರೆಯೋ, ಸರಿಯಾಗಿ ನಿಶತ್‌ಳ ಊರಿಗೆ ಮುಗಿಯುತ್ತದೆ. ದೊಡ್ಡಬಳ್ಳಾಪುರದ ಕಡೆ ಒಂದೇ ಒಂದು ಕಿಲೋಮೀಟರ್ ಹೋದರೆ ಕೆಂಪರಾಜು ಅಂಗಡಿ. ಅದು ಗೆರೆಯ ಆಚೆ. ಇವರ ಗಿರಾಕಿಗಳೆಲ್ಲ ಈಗ ಅಲ್ಲಿ ಸಾಲುಗಟ್ಟಿ ನಿಲ್ಲುತ್ತಾರೆ. ಹನ್ನೊಂದು ದಿನದಿಂದ ಅಬ್ಬಾ ಮನೆಯಲ್ಲಿ ಕೂತು ಆಕಾಶಕ್ಕೆ ಬೈಯುತ್ತಿದ್ದಾನೆ. ಬೈಯದೆ ಇನ್ನೇನು ಮಾಡಿಯಾನು?

ಅಂಥಾ ಮನೆಯಲ್ಲಿ ನಿಶತ್‌ಗೆ ವಿಮಾನದ ಹುಚ್ಚು. ಐದನೇ ಕ್ಲಾಸಿನ ಹುಡುಗಿ, ಸದ್ದು ಕೇಳಿಯೇ ಯಾವ ವಿಮಾನ ಎಂದು ಹೇಳುತ್ತಾಳೆ. ಅವಳ ಅರ್ಮಾನ್ ಮಾಮು ಅಮ್ಮಿಯ ಫೋನಿನಲ್ಲಿ ಅವಳನ್ನು 'ರನ್‌ವೇ ಗೆಳೆಯರು' ಎಂಬ ವಾಟ್ಸಾಪ್ ಗ್ರೂಪಿಗೆ ಸೇರಿಸಿದ್ದ. ಅಲ್ಲಿ ಇರುವವರೆಲ್ಲ ವಿಮಾನದ ಹುಚ್ಚರೇ. ನೆಲಮಂಗಲದ ಮನೋಹರ್ ಅಂಕಲ್ ಅದಕ್ಕೆ ಅಡ್ಮಿನ್.

ಏರ್ ಶೋ ಹತ್ತಿರ ಬಂದ ಹಾಗೆ ಆ ಗ್ರೂಪಿಗೆ ನಿದ್ದೆಯೇ ಇರಲಿಲ್ಲ. ಯಾರ ಹತ್ತಿರ ಯಾವ ದಿನದ ಪಾಸ್ ಇದೆ, ಕಾರು ಎಲ್ಲಿ ನಿಲ್ಲಿಸಬೇಕು, ಬಿಸಿಲಿಗೆ ಎದುರಾಗದೆ ಎಲ್ಲಿ ನಿಂತರೆ ಫೋಟೋ ಚೆನ್ನಾಗಿ ಬರುತ್ತದೆ, ಬರೀ ಇದೇ ಮಾತು. ನಡುನಡುವೆ ಊರೂರು ಸುತ್ತಿದವರ ಫೋಟೋಗಳು. ಒಬ್ಬರು ದುಬೈ ಏರ್ ಶೋ ಹಾಕಿದರೆ ಇನ್ನೊಬ್ಬರು ಪ್ಯಾರಿಸ್ ಹಾಕುತ್ತಿದ್ದರು. ಹೊಸಕೋಟೆಯ ಜ್ಯೋತಿಲಕ್ಷ್ಮಿ ಆಂಟಿ ಸಿಂಗಾಪುರಕ್ಕೆ ಹೋಗಿ ಬಂದು ನಲವತ್ತು ಫೋಟೋ ಹಾಕಿದ್ದರು.

ನಿಶತ್ ಎಲ್ಲಿಗೂ ಹೋಗಿರಲಿಲ್ಲ. ಏರ್ ಶೋ ಗೇಟಿನ ಒಳಗೂ ಕಾಲಿಟ್ಟಿರಲಿಲ್ಲ. ಅವಳಿಗೆ ಇದ್ದದ್ದು ಅಂಗಡಿಯ ಮೇಲಿನ ತಾರಸಿ, ಅಮ್ಮಿಯ ಹಳೇ ಫೋನು, ಅಷ್ಟೇ. ಆದರೂ ಗುರುವಾರ ಸಂಜೆ ವಿಮಾನಗಳು ಪ್ರಾಕ್ಟೀಸ್ ಮಾಡುವಾಗ ತೆಗೆದ ಹದ್ದಿನ ಫೋಟೋವನ್ನು ಅವಳು ಗ್ರೂಪಿಗೆ ಹಾಕಿದಾಗ ಎಲ್ಲರೂ ಬೆರಗಾಗಿದ್ದರು. "ಏನ್ ಶಾಟ್ ಗುರು ಇದು!" ಎಂದು ಬರೆದಿದ್ದರು. ದುಬೈ ಫೋಟೋಗೂ ಅಷ್ಟು ಮೆಚ್ಚುಗೆಯ ಹೆಬ್ಬೆರಳು ಬಿದ್ದಿರಲಿಲ್ಲ. ಅವತ್ತು ರಾತ್ರಿ ನಿಶತ್‌ಗೆ ಊಟವೇ ಬೇಡವಾಗಿತ್ತು.

ಮೆಚ್ಚಿಕೊಂಡವರೇ ಚಾಡಿ ಹೇಳಿದರೇ?

ನಿಶತ್‌ಗೆ ಕೋಪ ಬಂದರೆ ಮೊದಲು ಕಿವಿ ಬಿಸಿಯಾಗುತ್ತದೆ. ಈಗ ಎರಡೂ ಕಿವಿ ಉರಿಯುತ್ತಿದ್ದವು. ಅವಳು ಒಳಗೆ ಹೋಗಿ ಅಮ್ಮಿಯ ಫೋನು ಎತ್ತಿಕೊಂಡು ತಾರಸಿ ಹತ್ತಿದಳು. ನೇರವಾಗಿ ಮನೋಹರ್ ಅಂಕಲ್‌ಗೆ ಫೋನು ಮಾಡಿದಳು.

"ಅಂಕಲ್, ನನ್ನ ಫೋಟೋ ಆಫೀಸಿನವರಿಗೆ ಕೊಟ್ಟಿದ್ದು ಯಾರು?"

"ಯಾರಮ್ಮ ಇದು? ಓ, ನಿಶತ್ ಪುಟ್ಟಾನಾ? ನಾನೇ ಕಳಿಸಿದ್ದು. ಹದ್ದು ಅಷ್ಟು ಹತ್ತಿರ ಹಾರ್ತಿದ್ರೆ ತಿಳಿಸ್ಲೇಬೇಕಲ್ಲಮ್ಮ. ನಮ್ಮ ಗ್ರೂಪಿನ ರೂಲ್ ಅದು."

"ಅದು ನಮ್ಮ ಅಬ್ಬಾನ ಅಂಗಡಿ."

"ಅಯ್ಯೋ, ನಂಗೆ ಗೊತ್ತಿರ್ಲಿಲ್ಲ ಪುಟ್ಟಾ."

"ಸೂಪರ್ ಅಂತ ಬರ್ದೋರೂ ನೀವೇ, ಕಂಪ್ಲೇಂಟ್ ಕೊಟ್ಟೋರೂ ನೀವೇ. ನಿಮ್ಗೇನು, ಪಾಸ್ ತಗೊಂಡು ಕಾರಲ್ಲಿ ಹೋಗಿ ನೋಡ್ತೀರಾ. ನೀವು ನೋಡ್ಲಿ ಅಂತ ನಮ್ಮ ಅಬ್ಬಾ ಅಂಗಡಿ ಮುಚ್ಕೊಂಡು ಕೂತಿದಾನೆ. ಈಗ ಲೈಸೆನ್ಸೂ ಹೋಗುತ್ತೆ. ನಿಮ್ಗೆ ಖುಷಿನಾ?"

ಅವಳು ದೊಡ್ಡವರ ಹತ್ತಿರ ಹೀಗೆ ಮಾತಾಡಿದ್ದು ಇದೇ ಮೊದಲು. ಮಾತಾಡಿದ್ದಕ್ಕೆ ಹೆದರಿಕೆಯೇನೂ ಆಗಲಿಲ್ಲ. ಇನ್ನೂ ನಾಲ್ಕು ಮಾತು ಬಾಯಿಗೆ ಬರುತ್ತಿತ್ತು.

ಮನೋಹರ್ ಅಂಕಲ್ ಸಿಟ್ಟಾಗಲಿಲ್ಲ. "ಅಂಗಡಿ ಮುಚ್ಚಿತ್ತು ಅಂತ ನಾನೂ ಅವ್ರಿಗೆ ಹೇಳ್ತೀನಿ, ಆಯ್ತಾ?" ಎಂದರು. ಆಮೇಲೆ ಮೆಲ್ಲಗೆ ಕೇಳಿದರು. "ಆದ್ರೆ ಪುಟ್ಟಾ, ಅಂಗಡಿ ಮುಚ್ಚಿದ್ರೆ ಆ ಹದ್ದು ಅಷ್ಟು ಕೆಳಗೆ ಯಾಕೆ ಬಂದ್ವು?"

ನಿಶತ್ ಫೋನು ಕಟ್ ಮಾಡಿದಳು. ಗ್ರೂಪಿನಿಂದಲೂ ಹೊರಗೆ ಬಂದಳು.

ಯಾಕೆ ಬಂದವೆಂದು ಅವಳಿಗೆ ಗೊತ್ತಿತ್ತು. ಅವಳೊಬ್ಬಳಿಗೇ ಗೊತ್ತಿತ್ತು.

ಅವರ ಓಣಿಯಲ್ಲಿ ಮಕ್ಕಳಿಗೆ ಜ್ವರ ಬಿಡದಿದ್ದರೆ ಅಂಗಡಿಯಿಂದ ಒಂದು ಹಿಡಿ ಮಾಂಸ ತಂದು, ಮಗುವಿನ ತಲೆಗೆ ನಿವಾಳಿಸಿ, ಹದ್ದಿಗೆ ಎಸೆಯುತ್ತಾರೆ. ಚೂರು ಮೇಲೆ ಹಾರಿದರೆ ಸಾಕು, ಎಲ್ಲಿದ್ದವೋ ಅಲ್ಲಿಂದ ಹದ್ದುಗಳು ಇಳಿಯುತ್ತವೆ. ನಿಶತ್ ಇದನ್ನು ಚಿಕ್ಕಂದಿನಿಂದ ನೋಡಿದ್ದಾಳೆ. ಗುರುವಾರ ಸಂಜೆ ಅವಳು ಅಂಗಡಿ ಮುಚ್ಚುವ ಮೊದಲೇ ಬೆಕ್ಕಿಗೆಂದು ಅಮ್ಮಿ ಫ್ರೀಜರಿನಲ್ಲಿಟ್ಟಿದ್ದ ಕೋಳಿ ಚರ್ಮದ ಕವರನ್ನು ತಾರಸಿಗೆ ತಂದಿದ್ದಳು. ವಿಮಾನದ ಸದ್ದು ಹತ್ತಿರವಾಗುತ್ತಿದ್ದಂತೆ ಒಂದೊಂದೇ ಚೂರು ಮೇಲಕ್ಕೆಸೆದಿದ್ದಳು. ದುಬೈಯಲ್ಲೂ ಇಲ್ಲದ, ಪ್ಯಾರಿಸ್ಸಲ್ಲೂ ಇಲ್ಲದ ಒಂದು ಫೋಟೋ ಅವಳಿಗೆ ಬೇಕಾಗಿತ್ತು.

"ನಾನೇನು ಬೇಕಂತ ಮಾಡಿದ್ನಾ," ಎಂದು ಅವಳು ತಾರಸಿಯ ಗೋಡೆಗೆ ಹೇಳಿದಳು. ಗೋಡೆಗೂ ಒಂದು ಗುದ್ದು ಕೊಟ್ಟಳು. ಕೈ ತರಚಿತು. ಇನ್ನೂ ಕೋಪ ಬಂತು. ಮನೋಹರ್ ಅಂಕಲ್ ಮೇಲೆ, ದೇವರಾಜ್ ಸಾಹೇಬರ ಮೇಲೆ, ಹಾಳು ಹದ್ದುಗಳ ಮೇಲೆ.

"ನಿಶತ್, ಬಾ ಇಲ್ಲಿ," ಎಂದು ಕೆಳಗಿನಿಂದ ಅಬ್ಬಾ ಕರೆದ. "ಕಾಗದ ಪೆನ್ನು ತಗೊಂಡು ಬಾ."

ಅಬ್ಬಾ ಉರ್ದು ಶಾಲೆಯಲ್ಲಿ ಓದಿದವನು. ಕನ್ನಡ ಪಟಪಟ ಮಾತಾಡುತ್ತಾನೆ, ಆದರೆ ಬರೆಯಲು ಬಾರದು. ಮನೆಯ ಕನ್ನಡದ ಅರ್ಜಿಗಳನ್ನೆಲ್ಲ ಬರೆಯುವವಳು ನಿಶತ್. ಕರೆಂಟಿನವರಿಗೆ, ಶಾಲೆಗೆ, ರೇಷನ್ ಕಾರ್ಡಿಗೆ, ಎಲ್ಲ ಅವಳದೇ ಅಕ್ಷರ.

ಅವಳು ಚಾಪೆಯ ಮೇಲೆ ಕೂತಳು. ಅಮ್ಮಿ ಬಾಗಿಲಿಗೆ ಒರಗಿ ನಿಂತಿದ್ದಳು. ಅಬ್ಬಾ ಆಚೀಚೆ ನಡೆಯುತ್ತಾ ಹೇಳಿದ.

"ಮಾನ್ಯರೇ ಅಂತ ಹಾಕು. ಹನ್ನೊಂದು ದಿನದಿಂದ ನನ್ನ ಅಂಗಡಿ ತೆರೆದಿಲ್ಲ. ಬರೆದ್ಯಾ? ನನ್ನ ಅಂಗಡಿಯಿಂದಾಗಲಿ, ಮನೆಯಿಂದಾಗಲಿ ಒಂದು ಚೂರು ಮಾಂಸವೂ ಹೊರಗೆ ಬಿದ್ದಿಲ್ಲ. ಅಲ್ಲಾ ಸಾಕ್ಷಿ."

ನಿಶತ್ 'ನನ್ನ ಅಂಗಡಿಯಿಂದಾಗಲಿ' ಎಂದು ಬರೆದಳು. ಪೆನ್ನು ಅಲ್ಲಿಗೇ ನಿಂತಿತು.

"ಯಾಕೆ? ಇಂಕ್ ಇಲ್ವಾ?"

ಅವಳು ಪೆನ್ನು ಕೆಳಗಿಟ್ಟಳು.

"ಟೈಮಾಗ್ತಿದೆ, ಬರಿ."

"ಆಗಲ್ಲ ಅಬ್ಬಾ."

"ಏನಾಗಲ್ಲ?"

"ಬಿದ್ದಿದೆ. ನಾನೇ ಹಾಕಿದ್ದು. ಹದ್ದು ಫೋಟೋದಲ್ಲಿ ಬರ್ಲಿ ಅಂತ ನಾನೇ ಚರ್ಮ ಎಸೆದೆ. ಆ ಫೋಟೋ ತೆಗೆದಿದ್ದೂ ನಾನೇ."

ಅಮ್ಮಿ ಬಾಯಿ ಮೇಲೆ ಸೆರಗು ಇಟ್ಟುಕೊಂಡಳು. ಅಬ್ಬಾ ನಡೆಯುವುದನ್ನು ನಿಲ್ಲಿಸಿದ. ಈಗ ಏಟು ಬೀಳುತ್ತದೆ ಎಂದು ನಿಶತ್ ಭುಜ ಕುಗ್ಗಿಸಿದಳು. ಏಟು ಬೀಳಲಿಲ್ಲ.

"ವಿಮಾನ ಬರ್ತಿರುವಾಗ ಎಸೆದ್ಯಾ?"

"ಹ್ಞೂ."

"ಅದರೊಳಗೆ ಒಬ್ಬ ಕೂತಿದ್ದ," ಎಂದ ಅಬ್ಬಾ. ದನಿ ತಗ್ಗಿತ್ತು, ಆದರೆ ಅಷ್ಟು ಕೋಪವನ್ನು ಅವಳು ಆ ದನಿಯಲ್ಲಿ ಎಂದೂ ಕೇಳಿರಲಿಲ್ಲ. "ಯಾರದೋ ಮಗ. ಹನ್ನೊಂದು ದಿನ ನಾನ್ಯಾಕೆ ಶಟರ್ ಎತ್ತಿಲ್ಲ ಅಂತ ತಿಳ್ಕೊಂಡಿದೀಯಾ? ಆ ದೇವರಾಜ್‌ಗೆ ಹೆದ್ರಿಕೊಂಡಾ? ಅಂಗಡಿ ಹೋದ್ರೆ ಹೋಗುತ್ತೆ, ತರಕಾರಿ ಮಾರ್ತೀನಿ. ಅವನು ಬಿದ್ದಿದ್ರೆ? ಅವನ ಅಮ್ಮಂಗೆ ಹೋಗಿ ಫೋಟೋ ತೋರಿಸ್ತಿದ್ಯಾ?"

ಎಷ್ಟೋ ವಿಮಾನಗಳನ್ನು ನಿಶತ್ ನೋಡಿದ್ದಳು. ರೆಕ್ಕೆ ನೋಡಿದ್ದಳು, ಬಾಲ ನೋಡಿದ್ದಳು, ಹೊಗೆ ನೋಡಿದ್ದಳು. ಒಳಗೆ ಕೂತವನನ್ನು ಒಮ್ಮೆಯೂ ನೆನೆದಿರಲಿಲ್ಲ. ಅವಳ ಕಿವಿಯ ಬಿಸಿಯೆಲ್ಲ ಇಳಿದುಹೋಯಿತು.

ಅಬ್ಬಾ ಅವಳ ಎದುರಿಗೆ ಕೂತ.

"ಬೇರೆ ಕಾಗದ ತಗೋ. ಮಾನ್ಯರೇ ಅಂತ ಹಾಕು. ಅಂಗಡಿ ತೆರೆದಿಲ್ಲ. ಆದರೆ ನಮ್ಮ ಮನೆಯಿಂದ ತಪ್ಪಾಗಿದೆ. ಇನ್ನೊಮ್ಮೆ ಆಗೋದಿಲ್ಲ. ಅಷ್ಟೇ ಬರಿ."

"ನಾನು ಮಾಡಿದ್ದು ಅಂತ ಬರೀಲಾ?"

"ಬೇಡ. ನಮ್ಮ ಮನೆಯಿಂದ ಅಂತ ಹಾಕು, ಸಾಕು."

ಅವಳು ಬರೆದಳು. ಅಬ್ಬಾ ಉರ್ದುವಿನಲ್ಲಿ ಸಹಿ ಹಾಕಿದ.

ಆಫೀಸಿನಲ್ಲಿ ದೇವರಾಜ್ ಸಾಹೇಬರು ಕಾಗದವನ್ನು ಎರಡು ಸಲ ಓದಿದರು. ಫ್ಯಾನಿನ ಕೆಳಗೆ ನಿಂತು ಯಾರಿಗೋ ಫೋನು ಮಾಡಿ ಮಾತಾಡಿದರು. ನೆಲಮಂಗಲದಿಂದ ಒಬ್ಬರು ಎರಡು ಸಲ ಫೋನು ಮಾಡಿ ಅಂಗಡಿ ಮುಚ್ಚಿತ್ತು ಅಂತ ಹೇಳಿದ್ದಾರೆ ಎಂದರು. ನಿಶತ್ ಅಲ್ಲೇ ಇದ್ದಳು. ಮನೋಹರ್ ಅಂಕಲ್‌ಗೆ ತಾನು ಅಂದ ಮಾತೆಲ್ಲ ನೆನಪಾಗಿ ಅವಳಿಗೆ ನೆಲ ನೋಡುವ ಹಾಗಾಯಿತು.

"ಲೈಸೆನ್ಸ್ ಈ ಸಲ ಉಳೀತು ಸಾಬ್ರೆ," ಎಂದರು ದೇವರಾಜ್. "ಆದ್ರೆ ನೋಟಿಸ್ ತೆಗೆಯೋ ಹಾಗಿಲ್ಲ. ಶೋ ಮುಗಿಯೋ ತನಕ ಅಲ್ಲೇ ಇರ್ಬೇಕು."

ಅಬ್ಬಾ ಕೈ ಮುಗಿದು ಹೊರಗೆ ಬಂದ. ನಿಶತ್‌ಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೊರಟ.

ಮನೆ ಹತ್ತಿರ ಬಂದಾಗ ಅಂಗಡಿಯ ಮುಂದೆ ಊರಿನ ಮುದುಕ ವೆಂಕಟರಾಮಪ್ಪ ನಿಂತಿದ್ದ. ಡೇರಿಗೆ ಹಾಲು ಹಾಕಿ ಬರುತ್ತಿದ್ದವನು ಖಾಲಿ ಕ್ಯಾನು ಕೆಳಗಿಟ್ಟು, ನೋಟಿಸು ಓದಿ ಪಕ್ಕದ ಮನೆಯ ಮುನಿತಾಯಮ್ಮನಿಗೆ ಹೇಳುತ್ತಿದ್ದ.

"ಏನ್ ಬರ್ದವ್ರೆ?" ಎಂದಳು ಮುನಿತಾಯಮ್ಮ.

"ಸಾಬ್ರು ಕದ್ದು ವ್ಯಾಪಾರ ಮಾಡವ್ರಂತೆ. ನೋಡೋಕೆ ಎಷ್ಟು ಸಾಚಾ ಇದ್ರು ನೋಡು."

ಅಬ್ಬಾನಿಗೆ ಕೇಳಿಸಿತು. ಅವನು ಬೈಕು ನಿಲ್ಲಿಸಿ, ಯಾರ ಮುಖವನ್ನೂ ನೋಡದೆ ಮನೆಯ ಕಡೆ ನಡೆದ. ಹನ್ನೊಂದು ದಿನದಿಂದ ಬೈಯುತ್ತಿದ್ದವನು, ಮಧ್ಯಾಹ್ನ ಶಟರಿಗೆ ಒದ್ದವನು, ಈಗ ಬಾಯಿ ಬಿಡಲಿಲ್ಲ. ಮಗಳು ಮಾಡಿದ್ದು ಎಂಬ ಒಂದು ಮಾತು ಹೇಳಿದ್ದರೆ ಸಾಕಿತ್ತು. ಅದನ್ನು ಅವನು ಹೇಳುವುದಿಲ್ಲ ಎಂದು ನಿಶತ್‌ಗೆ ಗೊತ್ತಾಯಿತು.

ಅವಳು ಬೈಕಿನಿಂದ ಇಳಿದು ಶಟರ್ ಮುಂದೆ ಬಂದು ನಿಂತಳು.

"ಕದ್ದು ವ್ಯಾಪಾರ ಮಾಡಿಲ್ಲ ತಾತ. ಹದ್ದು ಕರೆದಿದ್ದು ನಾನು. ಫೋಟೋಗೋಸ್ಕರ ಚರ್ಮ ಎಸೆದಿದ್ದೆ. ನಮ್ಮ ಅಬ್ಬಾಗೆ ಗೊತ್ತೇ ಇರ್ಲಿಲ್ಲ."

ವೆಂಕಟರಾಮಪ್ಪ ಅವಳನ್ನು ನೋಡಿದ, ಅಬ್ಬಾನ ಬೆನ್ನನ್ನು ನೋಡಿದ, ಕ್ಯಾನು ಎತ್ತಿಕೊಂಡ. "ಹಂಗಾ ಮಗಾ," ಎಂದಷ್ಟೇ ಅಂದು ಹೋದ. ಮುನಿತಾಯಮ್ಮ "ಸರಿ ಬುಡು" ಎಂದಳು.

ಬಾಗಿಲ ಹತ್ತಿರ ಅಬ್ಬಾ ತಿರುಗಿ ನಿಂತಿದ್ದ. "ಬಾ ಒಳಗೆ, ಊಟ ಮಾಡಿಲ್ಲ ನೀನು."

"ಆಮೇಲೆ ಬರ್ತೀನಿ ಅಬ್ಬಾ."

ಅವಳು ನೋಟಿಸಿನ ಕೆಳಗೆ ಅಂಗಡಿಯ ಮೆಟ್ಟಿಲ ಮೇಲೆ ಕೂತಳು. ಸಂಜೆ ಡೇರಿಯಿಂದ ಇನ್ನೂ ಜನ ಬರುವುದಿತ್ತು, ಎಲ್ಲರೂ ನೋಟಿಸು ಓದುವವರೇ.

ಅಷ್ಟರಲ್ಲಿ ಆಕಾಶ ಗುಡುಗಿತು. ಮೂರು ವಿಮಾನಗಳು ಒಟ್ಟಿಗೆ ಬಂದವು. ಓಣಿಯ ಮಕ್ಕಳೆಲ್ಲ ಕಿರುಚುತ್ತಾ ಬೀದಿಗೆ ಓಡಿ ಕತ್ತೆತ್ತಿದರು. ನಿಶತ್ ರಸ್ತೆಯನ್ನೇ ನೋಡುತ್ತಿದ್ದಳು. ಕ್ಯಾನು ಹಿಡಿದ ಇನ್ನೊಬ್ಬರು ತಿರುವಿನಲ್ಲಿ ಕಂಡರು. ಅವಳು ಎದ್ದು ನಿಂತಳು.