ಒಂಬತ್ತನೇ ಹಲಗೆ

"ಅಪ್ಪಾ, ಒಂಬತ್ತನೇ ಹಲಗೆ ಕಾಣ್ತಿಲ್ಲೆ!"

ರಮ್ಯಶ್ರೀ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಕೂಗಿದಳು. ಒಳಗೆ ಸ್ಟೀಲ್ ಡಬ್ಬಿ ಜೋಡಿಸುತ್ತಿದ್ದ ಅಪ್ಪ ರಘುಪತಿ ತಲೆ ಎತ್ತಿದ.

"ಕಾಣ್ತಿಲ್ಲೆ ಅಂದ್ರೆ? ಹಲಗೆಗೆ ಕಾಲು ಬಂತನೆ? ಸರಿಯಾಗಿ ನೋಡು ಕೂಸೆ."

ಶಿರಸಿ ಪೇಟೆಯಲ್ಲಿ ಈಗ ಹೆಚ್ಚಿನ ಅಂಗಡಿಗಳಿಗೆ ಕಬ್ಬಿಣದ ಶಟರ್. ಗರಗರ ಎಂದು ಒಮ್ಮೆ ಎಳೆದರೆ ಮುಗಿಯಿತು. ಇವರ ಪಾತ್ರೆ ಅಂಗಡಿಗೆ ಮಾತ್ರ ಹಳೇ ಕಾಲದ ಹನ್ನೆರಡು ಹಲಗೆಗಳ ಬಾಗಿಲು. ದಿನಾ ಬೆಳಗ್ಗೆ ಎಲ್ಲವನ್ನೂ ಕಿತ್ತು ಗೋಡೆಗೆ ಒರಗಿಸಬೇಕು. ಸಂಜೆ ಒಂದೊಂದನ್ನೇ ಎತ್ತಿ, ಮೇಲಿನ ಸೀಳಿಗೆ ತೂರಿಸಿ, ಕೆಳಗಿನ ಸೀಳಿಗೆ ಇಳಿಸಬೇಕು. ಒಂದರ ಅಂಚು ಮುಂದಿನದರ ಅಂಚಿಗೆ ಕಚ್ಚಿಕೊಳ್ಳಬೇಕು. ಹೊಸ್ತಿಲು ಸವೆದು ಓರೆಕೋರೆಯಾಗಿತ್ತು, ಹಾಗಾಗಿ ಪ್ರತಿ ಹಲಗೆಯ ಬುಡವೂ ಬೇರೆ ಬೇರೆ. ಒಂದರ ಜಾಗದಲ್ಲಿ ಇನ್ನೊಂದು ಕೂರುವ ಮಾತೇ ಇಲ್ಲ.

ಹೋದ ವಾರ ಹಲಗೆಗಳಿಗೆ ಹಸಿರು ಪೇಂಟ್ ಹೊಡೆದಾಗ ಹಳೇ ನಂಬರ್‌ಗಳೆಲ್ಲ ಮುಚ್ಚಿಹೋದವು. ಅದೇ ವಾರ ಐದನೇ ಕ್ಲಾಸಿನಲ್ಲಿ ಪ್ರತಿಭಾ ಟೀಚರ್ ರೋಮನ್ ಅಂಕಿ ಕಲಿಸಿದ್ದರು. ರಮ್ಯಶ್ರೀ ಬಿಡುತ್ತಾಳೆಯೇ? ಬ್ರಷ್ ಕಸಿದುಕೊಂಡಳು.

"ನಮ್ಮ ಒಂದು, ಎರಡು ಸಾಕಾಗ್ತಿಲ್ಯ?" ಎಂದು ಅಪ್ಪ ಕೇಳಿದ್ದ.

"ಅದು ಎಲ್ಲರಿಗೂ ಬತ್ತು. ರೋಮನ್ ಅಂದ್ರೆ ಸ್ಟೈಲ್! X ಅಂದ್ರೆ ಹತ್ತು. I ಎಡಗಡೆ ನಿಂತ್ರೆ ಕಳೆಯವು, ಒಂಬತ್ತು. ಬಲಗಡೆ ನಿಂತ್ರೆ ಕೂಡವು, ಹನ್ನೊಂದು."

ಗೋಡೆಗೆ ಒರಗಿಸಿದ ಹಲಗೆಗಳ ಮೇಲೆ ಅವಳು ಬಿಳಿ ಪೇಂಟಿನಲ್ಲಿ I ಇಂದ XII ವರೆಗೆ ಬರೆದಳು. ಒಂಬತ್ತು ಬರೆಯುವಾಗ ಮಾತ್ರ ಬ್ರಷ್‌ನಲ್ಲಿ ಪೇಂಟ್ ಹೆಚ್ಚಾಗಿ, ಒಂದು ಹನಿ ಉದ್ದಕ್ಕೆ ಹರಿದುಬಿಟ್ಟಿತು. "ನಿನ್ನ ಒಂಬತ್ತಿಗೆ ನೆಗಡಿ ಆಜು" ಎಂದು ಅಪ್ಪ ನಕ್ಕಿದ್ದ. ಅವಳಿಗೆ ನಾಚಿಕೆಯಾಗಿತ್ತು.

ಈಗ ಸಂಜೆ ಎಂಟು ಹಲಗೆ ಕೂರಿಸಿ ನೋಡಿದರೆ ಆ ಒಂಬತ್ತೇ ಕಾಣೆ.

ಅಪ್ಪ ಹೊರಗೆ ಬಂದು ಉಳಿದ ಹಲಗೆಗಳನ್ನು ಎಣಿಸಿದ. ನಾಲ್ಕಿದ್ದವು. ಒಂದು X, ಒಂದು XII, ಎರಡು XI.

"ಲೆಕ್ಕ ಸರಿ ಇದ್ದು. ನೀನೇ ಹನ್ನೊಂದನ್ನ ಎರಡು ಸಲ ಬರದ್ಯನ."

"ಇಲ್ಲೆ! ಆನು ಒಂಬತ್ತು ಬರದ್ದು ನಿಜ!" ರಮ್ಯಶ್ರೀಯ ಮುಖ ಕೆಂಪಾಯಿತು.

ಅಪ್ಪ ಒಂದು XI ಹಲಗೆಯನ್ನು ಎತ್ತಿ ಒಂಬತ್ತರ ಜಾಗಕ್ಕೆ ಹಿಡಿದ. ಉದ್ದವಾಯಿತು, ಸೀಳಿಗೆ ಇಳಿಯಲೇ ಇಲ್ಲ. ಇನ್ನೊಂದನ್ನು ಹಿಡಿದ. ಅದು ಹೊಸ್ತಿಲಿನ ಮೇಲೆ ಗಡಗಡ ಅಲ್ಲಾಡಿತೇ ಹೊರತು ಕೂರಲಿಲ್ಲ. ಎರಡನ್ನೂ ಮತ್ತೆ ಹಾಗೇ ಗೋಡೆಗೆ ಒರಗಿಸಿದ.

"ಎರಡೂ ಅಲ್ಲ. ಎಂತ ಮಾಡವು ಈಗ?"

ಎದುರಿನ ಹೂವಿನ ಅಂಗಡಿಯ ದ್ಯಾಮಪ್ಪ ಮಾಲೆ ಕಟ್ಟುತ್ತಲೇ ಕೂಗಿದ. "ಹೆಗಡ್ರೆ, ಇನ್ನೂ ಬಾಗಿಲು ಹಾಕಿಲ್ಲೇನ್ರಿ? ಸಿದ್ದಾಪುರ ಬಸ್ ಬರೂ ಹೊತ್ತಾತು ನೋಡ್ರಿ!"

ರಮ್ಯಶ್ರೀ ರಸ್ತೆಯ ತುದಿಗೆ ಕಣ್ಣು ಹಾಯಿಸಿದಳು. ಇವತ್ತು ಸಿದ್ದಾಪುರದಲ್ಲಿ ಹೆಂಗಸರ ತಾಳಮದ್ದಳೆ. ವೇಷವಿಲ್ಲದೆ ಕೂತೇ ನಡೆಸುವ ಈ ಯಕ್ಷಗಾನದಲ್ಲಿ ಅಮ್ಮ ದೇವಕಿ ಮೊದಲ ಸಲ ಅರ್ಥ ಹೇಳುತ್ತಾಳೆ, ಪಾತ್ರವಾಗಿ ಮಾತಾಡುತ್ತಾಳೆ. ಬೆಳಗ್ಗೆ ಹೊರಡುವಾಗ ಅಮ್ಮ, "ಮುಂದಿನ ಸಾಲಲ್ಲೇ ಕೂತ್ಕಳಿ. ನಿಂಗ ಕಾಣದಿದ್ರೆ ಯಂಗೆ ಮಾತೇ ಹೊರಡ್ತಿಲ್ಲೆ" ಎಂದಿದ್ದಳು.

"ನೀನೊಬ್ಬಳೇ ಬಸ್ ಹತ್ತು. ಅಂಗಡಿ ಹಿಂಗೆ ಬಿಟ್ಟಿಕ್ಕೆ ಬಪ್ಪಲೆ ಆಗ್ತಿಲ್ಲೆ" ಎಂದ ಅಪ್ಪ.

"ನೀನು ಬರದಿದ್ರೆ ಆನೂ ಹೋಗ್ತಿಲ್ಲೆ!"

ಎಲ್ಲ ತನ್ನ ಸ್ಟೈಲ್‌ನಿಂದ ಆಗಿದ್ದು ಎಂದು ಅವಳಿಗೆ ಅಳು ಬಂತು. ಅಪ್ಪನಿಗೆ ಕಾಣದಿರಲಿ ಎಂದು ಹಲಗೆಗಳಿಗೆ ಬೆನ್ನು ಹಾಕಿ, ಚಪ್ಪಲಿಯ ಬೆಲ್ಟ್ ಸರಿಮಾಡುವ ನೆಪದಲ್ಲಿ ಬಗ್ಗಿದಳು. ಎರಡು ಕಾಲುಗಳ ನಡುವಿನಿಂದ ಗೋಡೆ ತಲೆಕೆಳಗಾಗಿ ಕಂಡಿತು. ಹಲಗೆಗಳೂ ಕಂಡವು.

IX. IX.

"ಅಪ್ಪಾ! ಈಗ ಎರಡೂ ಒಂಬತ್ತು!"

"ತಲೆ ಮೇಲೆ ಮಾಡಿ ಮಾತಾಡೆ!"

ರಮ್ಯಶ್ರೀ ಓಡಿಬಂದು ಹಲಗೆಗಳ ಎದುರು ಕುಕ್ಕರಗಾಲಲ್ಲಿ ಕೂತಳು. ಒಂದರಲ್ಲಿ ಬಿಳಿ ಹನಿ ಹರಿದಿತ್ತು. ಕೆಳಕ್ಕಲ್ಲ, ಮೇಲಕ್ಕೆ! ಪೇಂಟ್ ಎಲ್ಲಾದರೂ ಮೇಲಕ್ಕೆ ಹರಿಯುತ್ತದೆಯೇ?

"ಇದೇ ನನ್ನ ನೆಗಡಿ ಒಂಬತ್ತು! ತಲೆಕೆಳಗೆ ನಿಂತಿದ್ದು ಅಪ್ಪಾ, ತಿರುಗಿಸು!"

ಅಪ್ಪ ಹಲಗೆ ತಿರುಗಿಸಿ ಎತ್ತಿದ. ಟಕ್! ಒಂಬತ್ತು ತನ್ನ ಜಾಗದಲ್ಲಿ ಕೂತಿತು. ಹತ್ತು, ಹನ್ನೊಂದು, ಹನ್ನೆರಡು. ಅಡ್ಡಪಟ್ಟಿ, ಬೀಗ. ಅಷ್ಟರಲ್ಲಿ ದ್ಯಾಮಪ್ಪ ಮಲ್ಲಿಗೆ ಮಾಲೆ ಹಿಡಿದೇ ರಸ್ತೆಯ ಮಧ್ಯೆ ನಿಂತು ಬಸ್ಸಿಗೆ ಕೈ ಮಾಡಿದ್ದ. "ಲಗೂ ಬರ್ರಿ, ಲಗೂ!" ಡ್ರೈವರ್ ಗೊಣಗಿದ. ಇಬ್ಬರೂ ನಗುತ್ತ, ಏದುಸಿರು ಬಿಡುತ್ತ ಹತ್ತಿದರು.

ಸಿದ್ದಾಪುರದಲ್ಲಿ ಅವರು ಮುಂದಿನ ಸಾಲಿನಲ್ಲಿ ಕೂರುವುದಕ್ಕೂ ಅಮ್ಮನ ಸರದಿ ಬರುವುದಕ್ಕೂ ಸರಿಹೋಯಿತು. ಅಮ್ಮ ಸೆರಗಿನ ತುದಿ ತಿರುಚುತ್ತಿದ್ದಳು. ಇವರನ್ನು ಕಂಡಳು. ಸೆರಗು ಬಿಟ್ಟಳು. ಆಮೇಲೆ ಬಂದ ದನಿ ಕೇಳಿ ರಮ್ಯಶ್ರೀಗೆ ಇದು ದಿನಾ ದೋಸೆ ಹೊಯ್ಯುವ ಅಮ್ಮನೇ ಹೌದೋ ಅಲ್ಲವೋ ಅನ್ನಿಸಿತು.

ಮರುದಿನ ಭಾನುವಾರ. ಹಲಗೆ ಕಿತ್ತು ಒರಗಿಸುವಾಗ ಅಪ್ಪ ಒಂದನ್ನು ಹಿಡಿದು ಅತ್ತಿತ್ತ ತಿರುಗಿಸುತ್ತ ನಿಂತಿದ್ದ. ಅದರ ಮೇಲೆ ಬರೀ X. ಯಾವ ಕಡೆ ಹಿಡಿದರೂ ಒಂದೇ ತರ. ಅಪ್ಪ ಬಗ್ಗಿ ಬುಡ ನೋಡಿದ, ಮತ್ತೆ ತಿರುಗಿಸಿದ. ವಾರದಿಂದ ದಿನಾ ಹೀಗೇ ಮಾಡುತ್ತಿದ್ದನೇ? ರಮ್ಯಶ್ರೀ ಇದನ್ನು ಇವತ್ತೇ ಗಮನಿಸಿದ್ದು.

ಅವಳು ಒಳಗೆ ಹೋಗಿ ಬ್ರಷ್ ತಂದಳು. ಪ್ರತಿ ನಂಬರ್‌ನ ಕೆಳಗೆ ಅಡ್ಡಕ್ಕೆ ಒಂದು ಗೀಟು ಎಳೆಯುತ್ತ ಹೋದಳು.

"ಇದೆಂತನೆ? ರೋಮನ್‌ನಲ್ಲಿ ಇದೂ ಇದ್ದ?"

"ರೋಮನ್ ಅಲ್ಲ ಅಪ್ಪಾ" ಎಂದಳು ರಮ್ಯಶ್ರೀ, ಹನಿ ಹರಿಯದಂತೆ ಬ್ರಷ್ ಒರೆಸಿಕೊಳ್ಳುತ್ತ. "ಇದು ನೆಲ. ನಿಂಗೆ."