ಈಶಮ್ಮ ಏನು ಕೊಟ್ಟಳು?

"ನುವ್ವೇ ಕೊಟ್ಟಿನವಾ?" ಹೆಡ್‌ಮಾಸ್ತರರು ಮೇಜಿನ ಮೇಲೆ ಬಾಗಿ ಕೇಳಿದರು.

ಈಶಮ್ಮ ತಲೆ ತಗ್ಗಿಸಿ ನಿಂತಿದ್ದಳು. ಲಂಗದ ಅಂಚನ್ನು ಬೆರಳಿಗೆ ಸುತ್ತಿ ಸುತ್ತಿ ಬಿಡುತ್ತಿದ್ದಳು. ಆ ಅಂಚಿನಲ್ಲಿ ಒಂದು ಗೇಣು ಬಟ್ಟೆ ಹರಿದುಹೋಗಿತ್ತು.

"ಹೌದ್ರಿ ಸರ್, ನಾನೇ ಕೊಟ್ಟೀನ್ರಿ," ಎಂದಳು. "ತಪ್ಪಾತ್ರಿ."

ಹೆಡ್‌ಮಾಸ್ತರರು ಕುರ್ಚಿಗೆ ಒರಗಿದರು. ಅವರ ಮುಖ ಗಟ್ಟಿಯಾಯಿತು.

ಹಾಜರಿ ರಿಜಿಸ್ಟರು ತಂದುಕೊಡಲು ಬಂದಿದ್ದ ಸುಗಲಾ ಬಾಗಿಲಲ್ಲೇ ನಿಂತುಬಿಟ್ಟಳು.

ಸರ್ ಕೇಳಿದ್ದು ತೆಲುಗಿನಲ್ಲಿ. 'ನೀನೇ ಹೊಡೆದೆಯಾ?' ಎಂದು. ತೆಲುಗಿನಲ್ಲಿ 'ಕೊಟ್ಟು' ಎಂದರೆ ಹೊಡೆ. ಈಶಮ್ಮ ಹೇಳಿದ್ದು ಕನ್ನಡದಲ್ಲಿ. ಕೊಟ್ಟಿದ್ದೇನೆ ಎಂದು. ಆಕೆ ಹೊಡೆದೆ ಎನ್ನಲಿಲ್ಲ. ಆದರೆ ಸರ್ ಕಿವಿಗೆ ಬಿದ್ದದ್ದು ಅದೇ.

ಅವರು ನಲ್ಲಗೊಂಡದ ಕಡೆಯಿಂದ ಗಡಿಯೂರಿನ ಈ ತೆಲುಗು ಸಾಲಿಗೆ ವರ್ಗವಾಗಿ ಬಂದು ಮೂರು ವಾರವಾಗಿತ್ತು. ಕನ್ನಡ ಒಂದಕ್ಷರ ಬರುತ್ತಿರಲಿಲ್ಲ. ಆ ಕೋಣೆಯಲ್ಲಿದ್ದ ಉಳಿದವರಿಗೆಲ್ಲ ಎರಡೂ ಭಾಷೆ ಬರುತ್ತಿತ್ತು. ಗೋಡೆಗೆ ಒರಗಿ ನಿಂತ ವಿಠೋಬಾ ಮಾಸ್ತರರಿಗೆ ಬರುತ್ತಿತ್ತು. ಕುರ್ಚಿಯಲ್ಲಿ ಕೂತ ಸುಗಲಾಳ ಚಿಕ್ಕಪ್ಪ ಬಂಡೆಪ್ಪ ಕಾಕಾನಿಗೆ ಬರುತ್ತಿತ್ತು. ಕಾಕಾನ ಪಕ್ಕದಲ್ಲಿ ತಲೆಗೆ ಬ್ಯಾಂಡೇಜು ಕಟ್ಟಿಕೊಂಡು ನಿಂತ ಮಾಣಿಕನಿಗೂ ಬರುತ್ತಿತ್ತು.

ಮಾಣಿಕ ಕಾಕಾನ ಮಗ. ಈ ಮಾತಿನ ಕತೆ ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಒಂದನೆತ್ತೆಯಲ್ಲಿ, ಅಂದರೆ ಒಂದನೇ ಕ್ಲಾಸಿನಲ್ಲಿದ್ದಾಗ, ಆಗಿನ ಸರ್ ಅವನಿಗೆ "ಗಂಟ ಕೊಟ್ಟು" ಎಂದಿದ್ದರು. ಗಂಟೆ ಹೊಡೆ ಎಂದು. ಮಾಣಿಕ ಓಡಿಹೋಗಿ, ಗಂಟೆಯೆಂದು ಬೇವಿನ ಮರಕ್ಕೆ ಕಟ್ಟಿದ್ದ ರೈಲುಹಳಿಯ ತುಂಡನ್ನೇ ಬಿಚ್ಚಿ, ಎರಡೂ ಕೈಯಲ್ಲಿ ಎತ್ತಲಾರದೆ ಎತ್ತಿಕೊಂಡು ಬಂದಿದ್ದ. "ತೊಗೊಳ್ರಿ ಸರ್" ಎಂದಿದ್ದ. ಸಾಲಿಗೆ ಸಾಲಿಯೇ ಒಂದು ತಿಂಗಳು ನಕ್ಕಿತ್ತು. ಈಗಲೂ ಜಗಳ ಬಂದರೆ ಹುಡುಗರು "ಏ ಗಂಟಿ ಕೊಟ್ಟಾಂವ!" ಎಂದು ಅವನನ್ನು ಕೆಣಕುತ್ತಿದ್ದರು.

ಅದೇ ಮಾಣಿಕ ಈಗ ಕಿಟಕಿಯ ಕಡೆ ನೋಡುತ್ತಿದ್ದ.

"ನೋಡಿದ್ರಲ್ಲ?" ಎಂದರು ಕಾಕಾ ತೆಲುಗಿನಲ್ಲಿ, ಹೆಡ್‌ಮಾಸ್ತರರಿಗೆ. "ತಾನೇ ಒಪ್ಪಿಕೊಂಡಳು."

ಈಶಮ್ಮನ ಮಾತು ಕೇಳಿದಾಗ ಕಾಕಾ ಒಂದು ಕ್ಷಣ ಮಗನ ಮುಖ ನೋಡಿದ್ದನ್ನು ಸುಗಲಾ ಕಂಡಿದ್ದಳು. ಏನು ಕೊಟ್ಟೆ ಎಂದು ಮಾತ್ರ ಅವರು ಕೇಳಲಿಲ್ಲ.

ಹೆಡ್‌ಮಾಸ್ತರರು ಕೈ ಚಾಚಿದರು. "ರಿಜಿಸ್ಟರು ತಾ." ಅವರು ಪೆನ್ನಿನ ಮುಚ್ಚಳ ತೆಗೆದರು. ಕಲ್ಲಿನಿಂದ ಹುಡುಗನ ತಲೆ ಒಡೆದವಳ ಹೆಸರು ಸಾಲಿಯಲ್ಲಿ ಇರಬಾರದು ಎಂದು ಕಾಕಾ ಆಗಲೇ ಹೇಳಿದ್ದರು.

ಹೊರಗೆ, ಮೆಟ್ಟಿಲ ಕೆಳಗೆ, ಈಶಮ್ಮನ ಅವ್ವ ಭೀಮಮ್ಮ ಕೈಮುಗಿದು ನಿಂತಿದ್ದಳು. ಅವರ ಓಣಿಯಿಂದ ಐದನೆತ್ತೆಯವರೆಗೆ ಬಂದ ಹುಡುಗಿ ಈಶಮ್ಮ ಒಬ್ಬಳೇ.

ಸುಗಲಾ ರಿಜಿಸ್ಟರನ್ನು ಎದೆಗೆ ಅವಚಿಕೊಂಡಳು.

ಶನಿವಾರ ನಡೆದದ್ದು ಬೇರೆ.

ಅರ್ಧ ದಿನದ ಸಾಲಿ ಬಿಟ್ಟಿತ್ತು. ಸುಗಲಾ, ಮಾಣಿಕ ಇಬ್ಬರೂ ಕಬ್ಬಿನ ಹೊಲದ ದಾರಿ ಹಿಡಿದಿದ್ದರು. ಬಿಸಿಲು ಸುಡುತ್ತಿತ್ತು. ಹಳೆಯ ಬಾವಿಯ ಹತ್ತಿರದ ಹುಣಸೆ ಮರ ನೋಡಿ ಮಾಣಿಕ "ತಡಿ, ಎರಡೇ ಕಾಯಿ" ಎಂದು ಹತ್ತಿದ. ಕೊಂಬೆ ಮುರಿಯಿತು. ಅವನ ತಲೆ ಬಾವಿಯ ಕಲ್ಲಿಗೆ ಬಡಿಯಿತು.

ರಕ್ತ ಕಂಡು ಸುಗಲಾ ಗಟ್ಟಿಯಾಗಿ ಅಳತೊಡಗಿದಳು. ಮಾಣಿಕ ಕಣ್ಣು ಮುಚ್ಚಿ ಬಿದ್ದಿದ್ದ.

ಆಗ ಓಡಿಬಂದವಳು ಈಶಮ್ಮ. ಹೊಲದಲ್ಲಿದ್ದ ಅವ್ವನಿಗೆ ಸಣ್ಣ ಕೊಡದಲ್ಲಿ ನೀರು ಒಯ್ಯುತ್ತಿದ್ದಳು. ಅವನ ಗಾಯ ತೊಳೆದಳು. ಲಂಗದ ಅಂಚನ್ನು ಹಲ್ಲಿನಿಂದ ಕಚ್ಚಿ ಪರ‍್ರನೆ ಹರಿದಳು. ಅವನ ತಲೆಗೆ ಬಿಗಿಯಾಗಿ ಕಟ್ಟಿದಳು.

"ನೀರು..." ಎಂದ ಮಾಣಿಕ.

ಈಶಮ್ಮನ ಕೈ ಅಲ್ಲೇ ನಿಂತಿತು. ಅವಳು ಸುಗಲಾಳ ಮುಖ ನೋಡಿದಳು.

ಸಾಲಿಯಲ್ಲಿ ಈಶಮ್ಮ ನೀರಿನ ಕೊಡದ ಹತ್ತಿರ ಹೋಗುವಂತಿರಲಿಲ್ಲ. ಬಾಯಾರಿದರೆ ದೂರ ಕೂತು ಬೊಗಸೆ ಒಡ್ಡಬೇಕು. ಯಾರಾದರೂ ಮನಸ್ಸು ಬಂದವರು ಮೇಲಿನಿಂದ ಹೊಯ್ಯಬೇಕು. ಐದು ವರ್ಷದಿಂದ ಹಾಗೇ ನಡೆದಿತ್ತು. ಸುಗಲಾ ಕೂಡ ಎಷ್ಟೋ ಸಲ ಹಾಗೇ ಹೊಯ್ದಿದ್ದಳು.

"ಕೊಡು," ಎಂದಳು ಸುಗಲಾ ಅಳುತ್ತಲೇ. "ಲಗೂ ಕೊಡು ಈಶಮ್ಮಾ."

ಈಶಮ್ಮ ಅವನ ತಲೆ ಎತ್ತಿ ಹಿಡಿದು ಕೊಡವನ್ನೇ ತುಟಿಗೆ ಇಟ್ಟಳು. ಅವನು ಗಟಗಟ ಕುಡಿದ. ಆಮೇಲೆ ಅವಳು ಸುಗಲಾಳ ಕಡೆ ತಿರುಗಿದಳು. "ನೀನೂ ಕುಡೀತೀ ಏನು? ಬಿಕ್ಕಳಿಕಿ ಬರಾಕತ್ಯಾವ ನೋಡು."

ಸುಗಲಾ ಕುಡಿದಳು.

ಮನೆಯ ಹತ್ತಿರ ಬಂದಾಗ ಮಾಣಿಕ ಅವಳ ಕೈ ಹಿಡಿದು ನಿಲ್ಲಿಸಿದ. "ನೀರಿನ ಮಾತು ಹೇಳಬ್ಯಾಡ. ಅಪ್ಪ ಚರ್ಮ ಸುಲೀತಾನ. ಮೊನ್ನೆ ಮೊನ್ನೆ ಲಿಂಗದೀಕ್ಷಾ ಆಗ್ಯಾದ ನಂದು."

"ಹೇಳಂಗಿಲ್ಲ," ಎಂದಳು ಸುಗಲಾ.

ಆದರೆ ಹಣೆಯ ಮೇಲಿನ ಬಟ್ಟೆಯನ್ನು ಇಬ್ಬರೂ ಮರೆತಿದ್ದರು. ಅಂಗಳದಲ್ಲೇ ಕಾಕಾ ಕೇಳಿದರು, "ಯಾರ ಅರಿವಿ ಇದು?" ಮಾಣಿಕ ತೊದಲಿದ. ಈಶಮ್ಮಂದು ಎಂದ. ಆಕಿದು ನಿನ್ನ ತಲೀಗೆ ಹ್ಯಾಂಗ ಬಂತು ಎಂದರು. ಆಗ ಅವನು ಕಣ್ಣು ಮುಚ್ಚಿ ಹೇಳಿಬಿಟ್ಟ. "ಆಕೀನೇ ಕಲ್ಲು ಒಗದಳು. ಆಮ್ಯಾಲೆ ಹೆದರಿ ಕಟ್ಟಿದಳು."

ಸುಗಲಾ ಆಗ ಸುಮ್ಮನಿದ್ದಳು. ಭಾನುವಾರವೂ ಸುಮ್ಮನಿದ್ದಳು. ಅಪ್ಪ ತೀರಿಕೊಂಡು ಎರಡು ವರ್ಷ. ಅಂದಿನಿಂದ ಅವ್ವನೂ ಅವಳೂ ಕಾಕಾನ ಮನೆಯಲ್ಲೇ ಇದ್ದರು. ಅವ್ವ ಸುಮಿತ್ರಾಬಾಯಿ ಆ ಮನೆಯಲ್ಲಿ ನೆಲಕ್ಕೆ ಸದ್ದಾಗದಂತೆ ನಡೆಯುತ್ತಿದ್ದಳು. ಯಾರಾದರೂ ಕೇಳಿದರೆ ಮಾತ್ರ ಮಾತು. ಸುಗಲಾ ಅದನ್ನೇ ಕಲಿತಿದ್ದಳು.

ಈಗ ಪೆನ್ನು ಕಾಯುತ್ತಿತ್ತು.

"ರಿಜಿಸ್ಟರು," ಎಂದರು ಹೆಡ್‌ಮಾಸ್ತರರು ಮತ್ತೆ.

ಈಶಮ್ಮನಿಗೂ ತೆಲುಗು ಬರುತ್ತಿತ್ತು. ಐದು ವರ್ಷ ಓದಿದವಳು. ಮತ್ತೆ ಯಾಕೆ ಹಾಗೆ ಹೇಳಿದಳು? ಸುಗಲಾಳಿಗೆ ಥಟ್ಟನೆ ಹೊಳೆಯಿತು. ಹೊಡೆದಿಲ್ಲವೆಂದು ಈಶಮ್ಮನಿಗೆ ಗೊತ್ತು. ಅವಳ ಮನಸ್ಸಿನಲ್ಲಿದ್ದ ತಪ್ಪು ಒಂದೇ. ನೀರು ಕೊಟ್ಟದ್ದು. ಅದಕ್ಕೇ ತನ್ನನ್ನು ಕರೆಸಿದ್ದಾರೆ ಎಂದುಕೊಂಡೇ ಅವಳು ಬಂದಿದ್ದಳು. ಅದನ್ನೇ ಒಪ್ಪಿಕೊಂಡಿದ್ದಳು.

"ಸಾರ್," ಎಂದಳು ಸುಗಲಾ. ಸರ್‌ಗೆ ತಿಳಿಯಲೆಂದು ತೆಲುಗಿನಲ್ಲೇ ಹೇಳಿದಳು. "ಆಮೆ ಕೊಟ್ಟಲೇದು, ಸಾರ್. ಇಚ್ಚಿಂದಿ."

ಆಕೆ ಹೊಡೆಯಲಿಲ್ಲ. ಕೊಟ್ಟಳು.

"ಸುಗಲಾ!" ಎಂದರು ಕಾಕಾ. "ಚುಪ್! ಕ್ಲಾಸಿಗೆ ನಡಿ."

ಹೆಡ್‌ಮಾಸ್ತರರು ಕೈ ಎತ್ತಿ ಕಾಕಾನನ್ನು ತಡೆದರು. ವಿಠೋಬಾ ಮಾಸ್ತರರ ಕಡೆ ತಿರುಗಿ, "ಕನ್ನಡದಲ್ಲಿ ಕೊಟ್ಟೀನಿ ಅಂದರೆ ಏನು?" ಎಂದು ಕೇಳಿದರು.

ವಿಠೋಬಾ ಮಾಸ್ತರರು ಕಾಕಾನ ಮನೆಯಲ್ಲೇ ಬಾಡಿಗೆಗೆ ಇದ್ದವರು. ಅವರು ಕೆಮ್ಮಿದರು. ಕನ್ನಡಕ ತೆಗೆದು ಒರೆಸಿದರು. "ಕೊಡುವುದು ಸರ್. ಇಚ್ಚಾನು... ಅಂತ."

"ಮೊದಲೇ ಯಾಕೆ ಹೇಳಲಿಲ್ಲ?"

ಮಾಸ್ತರರು ಕನ್ನಡಕವನ್ನು ಇನ್ನೂ ಒರೆಸುತ್ತಲೇ ಇದ್ದರು.

ಹೆಡ್‌ಮಾಸ್ತರರು ಸುಗಲಾಳನ್ನು ಹತ್ತಿರ ಕರೆದರು. "ಏನು ಕೊಟ್ಟಳು?"

"ನೀಳ್ಳು, ಸಾರ್." ನೀರು.

"ಯಾರಿಗೆ?"

ಮಾಣಿಕ ಈಗ ಕಿಟಕಿ ಬಿಟ್ಟು ಅವಳನ್ನೇ ನೋಡುತ್ತಿದ್ದ. ಅವನ ಕಣ್ಣಲ್ಲಿ ನೀರಿತ್ತು. ಬೇಡ ಎನ್ನುತ್ತಿದ್ದವು ಆ ಕಣ್ಣುಗಳು.

"ಮರದಿಂದ ಬಿದ್ದ ಮಾಣಿಕನಿಗೆ," ಎಂದಳು ಸುಗಲಾ. ಆಮೇಲೆ, "ನಾಕು ಕೂಡಾ ಸಾರ್," ಎಂದಳು. ನನಗೂ.

ಕಾಕಾ ಎದ್ದ ರಭಸಕ್ಕೆ ಕುರ್ಚಿ ಹಿಂದೆ ಬಿತ್ತು. ಅವರು ಮಗನ ರಟ್ಟೆ ಹಿಡಿದು ಎಳೆದುಕೊಂಡು ಹೋದರು.

ಹೆಡ್‌ಮಾಸ್ತರರು ಪೆನ್ನಿನ ಮುಚ್ಚಳ ಹಾಕಿದರು. ರಿಜಿಸ್ಟರು ತೆರೆದು, ಬಹಳ ಹೊತ್ತು ಹೆಸರುಗಳ ಮೇಲೆ ಬೆರಳು ಆಡಿಸಿದರು. "ನಾಳೆ ಗಂಟೆಯ ಸರದಿ ಯಾರದು?"

ಐದನೆತ್ತೆಯವರು ದಿನಕ್ಕೊಬ್ಬರಂತೆ ಗಂಟೆ ಹೊಡೆಯಬೇಕು. ಈಶಮ್ಮನ ಹೆಸರು ಬಂದಾಗಲೆಲ್ಲ ವಿಠೋಬಾ ಮಾಸ್ತರರು ಒಂದು ಸಾಲು ಕೆಳಗೆ ಇಳಿದುಬಿಡುತ್ತಿದ್ದರು.

ಮಾಸ್ತರರು ಕನ್ನಡಕ ಹಾಕಿಕೊಂಡರು. "ಈಶಮ್ಮಂದು, ಸರ್," ಎಂದರು ಮೆಲ್ಲಗೆ.

ಆದರೆ ಅಷ್ಟರಲ್ಲಿ ಭೀಮಮ್ಮ ಮಗಳ ಕೈ ಹಿಡಿದು ಹೊರಟಿದ್ದಳು. "ಬ್ಯಾಡ್ರಿ ಸರ್, ಬ್ಯಾಡ್ರಿ. ನಮಗ್ಯಾಕ್ರಿ ಸಾಲಿ? ನಾಳೆ ನಾ ಯಾರ ಹೊಲಕ್ಕ ಹೋಗ್ಲಿ?" "ನಾಳೆ ಗಂಟೆ ನಿನ್ನದೇ" ಎಂದು ಹೆಡ್‌ಮಾಸ್ತರರು ಹಿಂದಿನಿಂದ ಕೂಗಿದಾಗ ಈಶಮ್ಮ ಒಮ್ಮೆ ತಿರುಗಿ ನೋಡಿದಳು. ಅವಳ ಪಾಟಿಚೀಲ ಕ್ಲಾಸಿನಲ್ಲೇ ಉಳಿದಿತ್ತು.

ಮನೆಯಲ್ಲಿ ಸುಗಲಾಳನ್ನು ಅಂಗಳದ ಕಟ್ಟೆಯ ಮೇಲೆ ಕೂಡಿಸಿದರು. ನಾಳೆ ಅಯ್ಯನವರು ಬಂದು ಶುದ್ಧ ಮಾಡುವವರೆಗೆ ಒಳಗೆ ಬರುವಂತಿಲ್ಲ, ಕೊಡ ಮುಟ್ಟುವಂತಿಲ್ಲ. ಮಾಣಿಕನಿಗೆ ಸ್ನಾನ ಮಾಡಿಸಿ ವಿಭೂತಿ ಹಚ್ಚಿದರು. ಅವನು ಒಳಗೆ ಊಟಕ್ಕೆ ಕೂತ.

"ಕಾಕಿ, ಅಂವಾನೂ ಅದೇ ನೀರು ಕುಡದಾನಲ್ಲ?" ಎಂದು ಸುಗಲಾ ಕೇಳಿದಳು.

"ಅಂವಾ ಊರಾಗ ಹೇಳ್ಕೋತ ಹೋಗ್ಯಾನೇನು?" ಎಂದಳು ಕಾಕಿ. "ಹೇಳಿದಾಕಿ ನೀನು."

ಬಿಸಿಲು ಗೋಡೆಯ ಮೇಲೆ ಹತ್ತಿ ಹೋಯಿತು. ಸುಗಲಾಳಿಗೆ ಬಾಯಾರಿತು. ಕೇಳಲು ಮನಸ್ಸಾಗಲಿಲ್ಲ. ಬೊಗಸೆ ಒಡ್ಡಿ ಕೂತ ಈಶಮ್ಮ ನೆನಪಾದಳು. ಎಷ್ಟೋ ಸಲ ಸುಗಲಾ ಆಟದ ನಡುವೆ "ತಡಿ, ಬಂದೆ" ಎಂದು ಮರೆತು ಹೋಗಿದ್ದಳು. ಈಶಮ್ಮ ಎಷ್ಟು ಹೊತ್ತು ಹಾಗೆ ಕೂತಿರುತ್ತಿದ್ದಳೋ?

ಅವ್ವ ಹಿತ್ತಾಳೆಯ ಗ್ಲಾಸು ಹಿಡಿದು ಹೊರಗೆ ಬಂದಳು. ಸುಗಲಾ ಬೊಗಸೆ ಒಡ್ಡಿದಳು.

ಅವ್ವ ಆ ಬೊಗಸೆಯನ್ನೇ ನೋಡುತ್ತ ನಿಂತಳು. ಆಮೇಲೆ ಅದನ್ನು ಬಿಡಿಸಿ, ಗ್ಲಾಸನ್ನು ಕೈಯಲ್ಲಿ ಕೊಟ್ಟಳು. ಪಕ್ಕದಲ್ಲಿ ಕೂತಳು. ಸುಗಲಾ ತುಟಿ ಹಚ್ಚಿ ಅರ್ಧ ಕುಡಿದಳು.

"ಆ ನೀರು ಹ್ಯಾಂಗಿತ್ತು?" ಎಂದು ಅವ್ವ ಕೇಳಿದಳು.

"ತಣ್ಣಗಿತ್ತವ್ವಾ. ಈಶಮ್ಮ ಕೊಡಕ್ಕ ಹಸಿ ಅರಿವಿ ಸುತ್ತಿದ್ದಳು."

ಅವ್ವ ಗ್ಲಾಸು ತೆಗೆದುಕೊಂಡಳು. ಸುಗಲಾಳ ತುಟಿ ತಾಗಿದ ಕಡೆಯೇ ತನ್ನ ತುಟಿ ಇಟ್ಟು ಉಳಿದ ನೀರು ಕುಡಿದಳು.

"ವೈನೀ!" ಬಾಗಿಲಲ್ಲಿ ಕಾಕಾ ನಿಂತಿದ್ದರು. "ಏನು ಮಾಡಾಕತ್ತೀರಿ?"

"ನೀರು ಕುಡ್ಯಾಕತ್ತೀನ್ರಿ," ಎಂದಳು ಅವ್ವ. ದನಿ ಏರಲಿಲ್ಲ. ಆದರೆ ಏಳಲೂ ಇಲ್ಲ. ಆ ರಾತ್ರಿ ಅವಳೂ ಕಟ್ಟೆಯ ಮೇಲೆಯೇ ಚಾಪೆ ಹಾಸಿದಳು.

ಬೆಳಿಗ್ಗೆ ಅವ್ವ ತಲೆ ಬಾಚುತ್ತಿದ್ದಾಗ ಸುಗಲಾ ಹೇಳಿದಳು, "ಇವತ್ತ ನಾ ಸಾಲಿಗೆ ಹೋಗಂಗಿಲ್ಲ."

"ಯಾಕ?"

"ಈಶಮ್ಮ ಬರಂಗಿಲ್ಲ. ಆಕಿ ಅವ್ವ ಬ್ಯಾಡಂದಾಳ."

ಅವ್ವ ಜಡೆ ಹೆಣೆದಳು. ಒಂದು ಎಳೆ ತಪ್ಪಿತು. ಬಿಚ್ಚಿ ಮತ್ತೆ ಹೆಣೆದಳು.

ಆಗ ಗಂಟೆ ಕೇಳಿಸಿತು.

ದಿನಾ ಕೇಳುವಂತೆ ಇರಲಿಲ್ಲ ಅದು. ಒಂದು ಪೆಟ್ಟು ಜೋರು. ಮುಂದಿನದು ಹಳಿಗೆ ಸರಿಯಾಗಿ ತಾಗಲೇ ಇಲ್ಲ, ಠಕ್ ಎಂದಿತು. ಮತ್ತೆ ಒಂದು ಬಿಡುವು. ಆಮೇಲೆ ಢಣ್, ಢಣ್, ಢಣ್. ನಿಲ್ಲಿಸುವುದು ಯಾವಾಗ ಎಂದು ಗೊತ್ತಿಲ್ಲದವರ ಹಾಗೆ ಹೊಡೆಯುತ್ತಲೇ ಇತ್ತು.

"ಯಾರಿದು, ಹಿಂಗ ಹೊಡ್ಯಾಕತ್ಯಾರ?" ಎಂದಳು ಅವ್ವ.

ಸುಗಲಾ ಕಿವಿಗೊಟ್ಟು ಕೇಳುತ್ತಿದ್ದಳು. ಐದು ವರ್ಷ ಒಮ್ಮೆಯೂ ಆ ಸುತ್ತಿಗೆ ಹಿಡಿಯದ ಕೈ ಅದು.

"ಅವ್ವಾ," ಎಂದಳು. "ಈಶಮ್ಮ ಈಗ ಖರೇನೇ ಕೊಟ್ಟಳು ನೋಡು!"

ಅವ್ವನಿಗೆ ಮಾತು ತಿಳಿಯಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಅವಳ ಮೈ ಅಲುಗಿತು. ಅಳುತ್ತಿದ್ದಾಳೆಂದು ಸುಗಲಾ ಹೆದರಿ ತಿರುಗಿದಳು. ಅವ್ವ ನಗುತ್ತಿದ್ದಳು. ಎರಡು ವರ್ಷದಲ್ಲಿ ಆ ನಗು ಹೇಗಿರುತ್ತದೆ ಎಂಬುದೇ ಸುಗಲಾಳಿಗೆ ಮರೆತುಹೋಗಿತ್ತು.

"ಏಳು," ಎಂದು ಅವ್ವ ರಿಬ್ಬನ್ನು ಬಿಗಿದು ಕಟ್ಟಿದಳು. "ಲೇಟಾತು."

ಸುಗಲಾ ಚೀಲ ಎತ್ತಿಕೊಂಡು ಓಡಿದಳು. ಓಣಿಯ ತಿರುವಿನಲ್ಲಿ ಬ್ಯಾಂಡೇಜು ಕಟ್ಟಿಕೊಂಡ ಮಾಣಿಕ ನಿಂತಿದ್ದ. ಅವಳ ಮುಖ ನೋಡಲಿಲ್ಲ. ಆದರೆ ಅವಳು ದಾಟಿದ ಮೇಲೆ ಅವನ ಚಪ್ಪಲಿಯ ಸದ್ದೂ ಹಿಂದೆಯೇ ಬರತೊಡಗಿತು.

ಗಂಟೆ ಇನ್ನೂ ನಿಂತಿರಲಿಲ್ಲ.