ಓದುಬೆಟ್ಟದ ಕೊಕ್ಕರೆಗಳು

ಬಹಳ ಹಿಂದೆ, ಹಕ್ಕಿಗಳೇ ಅಂಚೆ ಒಯ್ಯುತ್ತಿದ್ದ ಕಾಲದಲ್ಲಿ, ಪದುಮನಾಡು ಎಂಬ ರಾಜ್ಯವಿತ್ತು. ಆ ರಾಜ್ಯದ ನಡುವೆ ಓದುಬೆಟ್ಟ, ಓದುಬೆಟ್ಟದ ಮೇಲೊಂದು ದೊಡ್ಡ ವಿದ್ಯಾಪೀಠ. ಊರೂರ ಮಠಗಳಲ್ಲಿ ಓದು ಮುಗಿಸಿದವರಲ್ಲಿ ಐದು ಜನರಿಗೆ ರಾಣಿ ಪ್ರತಿ ವರ್ಷ ಬೆಟ್ಟದ ವೃತ್ತಿ ಕೊಡುತ್ತಿದ್ದಳು. ವೃತ್ತಿ ಸಿಕ್ಕವರಿಗೆ ಐದು ವರ್ಷ ಇರಲು ಮನೆ, ಉಣ್ಣಲು ಅನ್ನ, ದೀಪಕ್ಕೆ ಎಣ್ಣೆ. ಅವರು ಮಾಡಬೇಕಾದ್ದು ಒಂದೇ ಕೆಲಸ. ತಾವೇ ಕೇಳಿಕೊಂಡ ಒಂದು ಪ್ರಶ್ನೆಗೆ ಉತ್ತರ ಹುಡುಕುವುದು.

ನೀಲಿಹಟ್ಟಿ ಎಂಬ ಊರಲ್ಲಿ ಬಟ್ಟೆಗೆ ನೀಲಿ ಹಾಕುವವನ ಮಗಳು ಮಾಚಲೆ ಇದ್ದಳು. ಅದೇ ಊರಿನ ಗಾಣಿಗರ ಮಗಳು ದೇಕವ್ವೆ ಅವಳ ಗೆಳತಿ. ಇಬ್ಬರೂ ಬೊಮ್ಮರಸ ಗುರುಗಳ ಬಳಿ ಒಂದೇ ಚಾಪೆಯ ಮೇಲೆ ಕೂತು ಕಲಿತವರು. ಆ ವರ್ಷ ಇಬ್ಬರೂ ವೃತ್ತಿಗೆ ಓಲೆ ಕಳಿಸಿದರು. ಬಟ್ಟೆ ಅದ್ದುವ ಒಂದೇ ಬಾನಿಯ ನೀಲಿ ಒಂದು ದಿನ ಗಾಢವಾಗಿ, ಇನ್ನೊಂದು ದಿನ ತಿಳಿಯಾಗಿ ಏಕೆ ಬರುತ್ತದೆ ಎಂಬುದು ಮಾಚಲೆಯ ಪ್ರಶ್ನೆ. ಜೇನುನೊಣ ಮನೆಯ ದಾರಿಯನ್ನು ಹೇಗೆ ನೆನಪಿಟ್ಟುಕೊಳ್ಳುತ್ತದೆ ಎಂಬುದು ದೇಕವ್ವೆಯ ಪ್ರಶ್ನೆ.

ಫಲಿತಾಂಶವನ್ನು ಬೆಟ್ಟದ ಕೊಕ್ಕರೆಗಳು ತರುತ್ತಿದ್ದವು. ಸಿಕ್ಕವರಿಗೆ ಚಿನ್ನದ ಬಣ್ಣದ ಓಲೆ, ಸಿಗದವರಿಗೆ ಬಿಳಿಯ ಓಲೆ. ಯಾವ ದಿನ ಬರುತ್ತವೆಂದು ಯಾರಿಗೂ ಗೊತ್ತಿಲ್ಲ. ಮಾಘ ಮುಗಿಯುವುದರೊಳಗೆ ಬರುತ್ತವೆ, ಅಷ್ಟೇ.

ಮಾಚಲೆ ಕಾದಳು. ಬೆಳಿಗ್ಗೆ ಎದ್ದರೆ ಆಕಾಶ, ಮಧ್ಯಾಹ್ನ ಉಂಡರೆ ಆಕಾಶ. ತಾನು ಕಳಿಸಿದ ಓಲೆಯ ನಕಲನ್ನು ದಿನಕ್ಕೆ ಹತ್ತು ಸಲ ಓದಿದಳು. ಹನ್ನೊಂದನೆಯ ಸಲ ಅದರಲ್ಲಿ ಒಂದು ಕಾಗುಣಿತದ ತಪ್ಪು ಕಂಡಿತು. ಅಂದಿನಿಂದ ನಿದ್ದೆ ಹೋಯಿತು.

ದೇಕವ್ವೆ ಮಾತ್ರ ಆರಾಮಾಗಿದ್ದಳು. ಎರಡು ಸಲ ಬಡಿಸಿಕೊಂಡು ಉಣ್ಣುತ್ತಿದ್ದಳು, ಗಾಣದ ನೆರಳಲ್ಲಿ ಗೊರಕೆ ಹೊಡೆಯುತ್ತಿದ್ದಳು. "ಬಂದಾಗ ಬರುತ್ತದೆ ಬಿಡೆ" ಎನ್ನುತ್ತಿದ್ದಳು. ಆ ಮಾತು ಕೇಳಿದರೆ ಮಾಚಲೆಯ ಎದೆಯಲ್ಲಿ ಕೆಂಡ ಇಟ್ಟಂತಾಗುತ್ತಿತ್ತು. ತನಗೇ ಸಿಗುತ್ತದೆಂದು ಇವಳಿಗೆ ಗೊತ್ತಿದೆ, ಅದಕ್ಕೇ ಈ ನಿದ್ದೆ ಎಂದುಕೊಳ್ಳುತ್ತಿದ್ದಳು.

ಒಂದು ದಿನ ಬಾನಿಗಳ ಅಂಗಳಕ್ಕೆ ನೂಲು ಮಾರುವ ಹೆಂಗಸೊಬ್ಬಳು ಬಂದಳು. ಹೆಸರು ನೂಲಮ್ಮ ಎಂದಳು. ಮೈತುಂಬ ಹಸಿರು ಸೀರೆ, ಮುಖದಲ್ಲಿ ಒಂದು ಸುಕ್ಕಿಲ್ಲ.

"ನಿದ್ದೆಯಿಲ್ಲದ ಕಣ್ಣು ನಿನ್ನದು. ಯಾರ ಮೇಲೆ ಹೊಟ್ಟೆ ಉರಿಯುತ್ತಿದೆ?" ಎಂದು ಕೇಳಿದಳು.

ಮಾಚಲೆ ಬಾಯಿ ಬಿಟ್ಟಳೇ ಹೊರತು ಮಾತು ಬರಲಿಲ್ಲ. ಮಾತಿನ ಬದಲು ತುಟಿಗಳ ನಡುವಿನಿಂದ ಒಂದು ಹಸಿರು ನೂಲು ಹೊರಬಂತು. ನೂಲಮ್ಮ ಅದನ್ನು ಎಳೆದು ಬೆರಳಿಗೆ ಸುತ್ತಿಕೊಂಡಳು. "ಇದನ್ನು ನನಗೆ ಕೊಡು. ಬದಲಿಗೆ ಒಂದು ಮಧ್ಯಾಹ್ನದ ನಿದ್ದೆ ಕೊಡುತ್ತೇನೆ."

ಮಾಚಲೆ ಕೊಟ್ಟಳು. ಅಂದು ಸುಖವಾಗಿ ನಿದ್ದೆ ಮಾಡಿದಳು.

ಎಂಟು ದಿನ ಕಳೆದ ಮೇಲೆ ಗುರುಗಳು ದೇಕವ್ವೆಯ ಪರವಾಗಿ ನಾಲ್ಕು ಓಲೆಗರಿ ಬರೆದು ಕಳಿಸಿದ್ದರೆಂದೂ ತನಗೆ ಮೂರೇ ಗರಿ ಬರೆದಿದ್ದರೆಂದೂ ಮಾಚಲೆಯ ಕಿವಿಗೆ ಬಿತ್ತು. ಮರುದಿನ ನೂಲಮ್ಮ ಬಂದಳು. ಎರಡನೆಯ ನೂಲು ಮೊದಲನೆಯದಕ್ಕಿಂತ ದಪ್ಪವಾಗಿತ್ತು.

ಮತ್ತೆ ಎಂಟು ದಿನ ಕಳೆಯಿತು. ದೇಕವ್ವೆಯ ತಾಯಿ ಬೆಟ್ಟದ ಚಳಿಗೆಂದು ಮಗಳಿಗೆ ಕಂಬಳಿ ನೇಯಿಸುತ್ತಿರುವುದನ್ನು ಮಾಚಲೆ ನೋಡಿದಳು. ಇವಳ ಕೊಕ್ಕರೆ ಬಾರದೇ ಹೋಗಲಿ ಎಂದು ಮನಸ್ಸಿನಲ್ಲೇ ಅಂದಳು. ಮೂರನೆಯ ನೂಲು ಹಗ್ಗದಷ್ಟು ದಪ್ಪವಾಗಿ ಬಂತು. ಅದನ್ನು ಎಳೆಯುವಾಗ ಗಂಟಲು ನೊಂದಿತು. ನೂಲಮ್ಮ ನಕ್ಕು, "ಇಷ್ಟು ಸಾಕು" ಎಂದು ಹೊರಟುಹೋದಳು.

ಮಾಘ ಮುಗಿಯಿತು. ಕೊಕ್ಕರೆಗಳು ಬರಲಿಲ್ಲ. ನೀಲಿಹಟ್ಟಿಗೆ ಮಾತ್ರವಲ್ಲ, ಯಾವ ಊರಿಗೂ ಬರಲಿಲ್ಲ. ಬೆಟ್ಟದಿಂದ ಹೊರಟ ಹಕ್ಕಿಗಳು ದಾರಿಯಲ್ಲೇ ಮಾಯವಾಗಿವೆ ಎಂದು ರಾಣಿಯ ಡಂಗುರ ಬಂತು. ರಾಜ್ಯದ ತುಂಬ ಓಲೆ ಕಳಿಸಿದವರು ಬಾಗಿಲಲ್ಲಿ ಕೂತು ಒಬ್ಬರ ಮುಖ ಒಬ್ಬರು ಅನುಮಾನದಿಂದ ನೋಡತೊಡಗಿದರು.

ಮೂರನೆಯ ದಿನ ಒಂದು ಕೊಕ್ಕರೆ ಮಾಚಲೆಯ ಅಂಗಳದಲ್ಲಿ ಬಂದು ಬಿತ್ತು. ಅದರ ಕಾಲಿನಲ್ಲಿ ಓಲೆ ಇರಲಿಲ್ಲ, ಹಸಿರು ನೂಲಿನ ತುಂಡಿತ್ತು. ಆ ನೂಲಿನಿಂದ ನೀಲಿ ಬಾನಿಯ ವಾಸನೆ ಬರುತ್ತಿತ್ತು.

"ಮೂಡಣದ ಕಲ್ಲುಕಣಿವೆಯಲ್ಲಿ ನೂಲಮಾಯಿ ಬಲೆ ಹಾಸಿದ್ದಾಳೆ" ಎಂದಿತು ಕೊಕ್ಕರೆ. "ನಾನೊಂದು ಎಳೆ ಕಡಿದು ತಪ್ಪಿಸಿಕೊಂಡೆ, ಉಳಿದವರೆಲ್ಲ ಅದರಲ್ಲಿದ್ದಾರೆ. ಜನ ಕಾದಷ್ಟೂ ಹೊಟ್ಟೆಕಿಚ್ಚು, ಹೊಟ್ಟೆಕಿಚ್ಚಿದ್ದಷ್ಟೂ ನೂಲು. ಆ ನೂಲು ಉಟ್ಟೇ ಅವಳು ಮುನ್ನೂರು ವರ್ಷ ಮುದುಕಿಯಾಗದೆ ಉಳಿದಿದ್ದಾಳೆ."

ಮಾಚಲೆ ತಲೆ ತಗ್ಗಿಸಿದಳು. "ಬಲೆಯ ನೂಲು ನನ್ನದು" ಎಂದಳು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೂ ಬುತ್ತಿ ಕಟ್ಟಿಕೊಂಡು ಮೂಡಣಕ್ಕೆ ನಡೆದಳು.

ಕಣಿವೆಯ ಬಾಯಲ್ಲಿ ಒಂದು ಹುಲಿ. ಅದರ ಕೊರಳಿಗೆ ಮೊದಲನೆಯ ನೂಲು ಕಟ್ಟಿತ್ತು. "ಈ ನೂಲು ಏನೆಂದು ಬಾಯಿಬಿಟ್ಟು ಹೇಳಿದರೆ ದಾರಿ. ಸುಳ್ಳು ಹೇಳಿದರೆ ಹಲ್ಲು" ಎಂದಿತು ಹುಲಿ.

"ಎಲ್ಲರೂ ನಿದ್ದೆಗೆಟ್ಟಿದ್ದರೆಂದು ಮರುಗಿದೆ" ಎಂದಳು ಮಾಚಲೆ. ಹುಲಿ ಹಲ್ಲು ತೋರಿಸಿತು. ಅವಳು ಒಂದು ಹೆಜ್ಜೆ ಹಿಂದೆ ಸರಿದಳು. "ಇಲ್ಲ. ದೇಕವ್ವೆ ನೆಮ್ಮದಿಯಿಂದ ಮಲಗುವುದನ್ನು ನನಗೆ ಸಹಿಸಲಾಗಲಿಲ್ಲ." ನೂಲು ಕರಗಿ ನೀರಾಯಿತು. ಹುಲಿ ಪಕ್ಕಕ್ಕೆ ಸರಿಯಿತು.

ಕಣಿವೆಯ ನಡುವೆ ಒಂದು ಹೆಬ್ಬಾವು. ಅದರ ಮೈಗೆ ಎರಡನೆಯ ನೂಲು ಸುತ್ತಿತ್ತು. ಅದೂ ಅದನ್ನೇ ಕೇಳಿತು.

"ಗುರುಗಳು ಅವಳಿಗೆ ಒಂದು ಗರಿ ಹೆಚ್ಚು ಬರೆದರು. ಅವಳ ಪ್ರಶ್ನೆ ನನ್ನದಕ್ಕಿಂತ ಚೆನ್ನಾಗಿದೆಯೆಂದು ನನಗೂ ಗೊತ್ತಿತ್ತು. ಅದಕ್ಕೇ ಉರಿಯಿತು" ಎಂದಳು. ಆ ನೂಲೂ ಕರಗಿತು.

ಕೊನೆಯಲ್ಲಿ ಒಂದು ಕಲ್ಲಾನೆ, ಮೂರನೆಯ ನೂಲಿನಿಂದ ಹೆಣೆದ ಬಲೆಯ ಅಂಚನ್ನು ತುಳಿದು ನಿಂತಿತ್ತು. ಬಲೆಯೊಳಗೆ ನೂರಾರು ಕೊಕ್ಕರೆಗಳು. ಬಲೆಯ ಪಕ್ಕದಲ್ಲಿ ನೂಲಮಾಯಿ, ಅಂಗಳಕ್ಕೆ ಬಂದಿದ್ದ ಅದೇ ನೂಲಮ್ಮ.

"ಬಾ ಮಗಳೇ" ಎಂದಳು ಅವಳು ಮೆಲ್ಲಗೆ. ಎರಡು ಓಲೆಗಳನ್ನು ಎತ್ತಿ ತೋರಿಸಿದಳು. ಚಿನ್ನದ ಓಲೆಯ ಮೇಲೆ ದೇಕವ್ವೆಯ ಹೆಸರು. ಬಿಳಿಯ ಓಲೆಯ ಮೇಲೆ ಮಾಚಲೆಯ ಹೆಸರು. "ಹೂಂ ಎನ್ನು ಸಾಕು, ಹೆಸರು ಅದಲು ಬದಲು ಮಾಡುತ್ತೇನೆ. ಬಲೆಯನ್ನೂ ಬಿಚ್ಚುತ್ತೇನೆ. ಎಲ್ಲರಿಗೂ ಓಲೆ ತಲುಪುತ್ತದೆ, ನಿನಗೆ ಬೆಟ್ಟ ಸಿಗುತ್ತದೆ. ಯಾರಿಗೆ ತಿಳಿಯಬೇಕು?"

ಮಾಚಲೆ ಬಿಳಿಯ ಓಲೆಯನ್ನೇ ನೋಡಿದಳು. ಕಣ್ಣು ತುಂಬಿತು. ಹೂಂ ಎನ್ನುವುದು ಎಷ್ಟು ಸುಲಭವಿತ್ತೆಂದರೆ ತುಟಿ ಆಗಲೇ ಅರ್ಧ ತೆರೆದಿತ್ತು. ಬೆಟ್ಟದ ಮೇಲಿನ ಮನೆ ಕಂಡಿತು, ದೀಪ ಕಂಡಿತು. ಅಲ್ಲಿ ಕೂತು ಜೇನುನೊಣದ ವಿಷಯ ಬರೆಯುತ್ತಿರುವ ತಾನು ಮಾತ್ರ ಎಷ್ಟು ಯತ್ನಿಸಿದರೂ ಕಾಣಲಿಲ್ಲ.

ಅವಳು ಮಾಯಾವಿಯ ಕಡೆ ನೋಡದೆ ಆನೆಯ ಕಡೆ ತಿರುಗಿದಳು. "ಅವಳ ಕೊಕ್ಕರೆ ಬಾರದೇ ಹೋಗಲಿ ಎಂದು ನಾನು ಬಯಸಿದೆ. ಒಂದೇ ಚಾಪೆಯಲ್ಲಿ ಕೂತು ಕಲಿತವಳಿಗೆ ಕೇಡು ಬಯಸಿದೆ. ಈಗಲೂ ನನಗೆ ಹೊಟ್ಟೆ ಉರಿಯುತ್ತಿದೆ. ಆದರೆ ಆ ಓಲೆ ಅವಳದು."

ಕಲ್ಲಾನೆ ಕಾಲೆತ್ತಿತು. ಬಲೆಯೆಲ್ಲ ಕರಗಿ ಹರಿದುಹೋಯಿತು. ನೂರಾರು ರೆಕ್ಕೆ ಒಟ್ಟಿಗೆ ಬಡಿದವು. ನೂಲಮಾಯಿಯ ಹಸಿರು ಸೀರೆ ಎಳೆ ಎಳೆಯಾಗಿ ಉದುರಿತು, ಮುನ್ನೂರು ವರ್ಷದ ಮುಪ್ಪು ಒಂದೇ ಗಳಿಗೆಯಲ್ಲಿ ಬಂತು. ಅವಳು ನಿಂತಲ್ಲೇ ಬೂದಿಯಾದಳು.

ಮಾಚಲೆ ಊರಿಗೆ ಮರಳುವ ಹೊತ್ತಿಗೆ ಗಾಣಿಗರ ಮನೆಯಲ್ಲಿ ಹಬ್ಬದ ಅಡುಗೆ ನಡೆದಿತ್ತು. ಅವಳು ದೇಕವ್ವೆಯನ್ನು ಹಿತ್ತಲಿಗೆ ಕರೆದು ಮೂರು ನೂಲಿನ ವಿಷಯವನ್ನೂ ಹೇಳಿದಳು. ದೇಕವ್ವೆಯ ನಗು ಮಾಯವಾಯಿತು.

"ನನ್ನ ನಿದ್ದೆ ನೋಡಿ ಉರಿಯಿತೇ? ಹೆದರಿಕೆಯಾದರೆ ನನಗೆ ನಿದ್ದೆ ಬರುತ್ತದೆ, ಮಾಚಲೆ. ಹಸಿವೂ ಆಗುತ್ತದೆ. ಚಿಕ್ಕಂದಿನಿಂದ ಹಾಗೇ. ನೀನು ಒಮ್ಮೆ ಕೇಳಬಹುದಿತ್ತು."

ಅಷ್ಟು ಹೇಳಿ ಒಳಗೆ ಹೋದಳು. ಎರಡು ದಿನ ಮಾತಾಡಲಿಲ್ಲ. ಬೆಟ್ಟಕ್ಕೆ ಹೊರಡುವ ದಿನ ತಾನಾಗಿಯೇ ಬಂದು, "ನಿನ್ನ ಓಲೆಯ ನಕಲು ಕೊಡು. ಎಲ್ಲಿ ತಪ್ಪಿತೆಂದು ಅಲ್ಲಿನವರನ್ನು ಕೇಳುತ್ತೇನೆ" ಎಂದಳು.

ಮಾಚಲೆ ಕೊಟ್ಟಳು. ದೇಕವ್ವೆಯ ಗಾಡಿ ಕಣ್ಮರೆಯಾಗುವವರೆಗೆ ನಿಂತಿದ್ದು, ಆಮೇಲೆ ಬಾನಿಗಳ ಹಿಂದೆ ಕೂತು ಮನಸಾರೆ ಅತ್ತಳು.

ತಿಂಗಳೊಳಗೆ ಬೆಟ್ಟದಿಂದ ಮಾತು ಬಂತು. ಪ್ರಶ್ನೆ ಒಳ್ಳೆಯದು, ಆದರೆ ಬಾನಿಯನ್ನು ಯಾವ ದಿನ ಹೇಗೆ ನೋಡಿದೆ ಎಂಬ ಲೆಕ್ಕವಿಲ್ಲ ಎಂದಿದ್ದರು. ಮಾಚಲೆ ವರ್ಷವಿಡೀ ಬಾನಿಯ ಪಕ್ಕ ಕೂತು, ಬಿಸಿಲು, ಮೋಡ, ನೀರಿನ ರುಚಿ, ನೀಲಿಯ ಬಣ್ಣ, ಎಲ್ಲವನ್ನೂ ಬರೆದಿಟ್ಟಳು. ಮರುವರ್ಷ ಮತ್ತೆ ಓಲೆ ಕಳಿಸಿದಳು. ಈ ಸಲವೂ ಕಾದಳು, ಈ ಸಲವೂ ನಿದ್ದೆ ಬರಲಿಲ್ಲ. ಮಾಘದ ಕೊನೆಯ ವಾರ ಅವಳ ತಂದೆ ಬಟ್ಟೆ ಹರವುತ್ತಿದ್ದಾಗ ಕೊಕ್ಕರೆ ಇಳಿಯಿತು. ಓಲೆ ಚಿನ್ನದ ಬಣ್ಣದ್ದಾಗಿತ್ತು.

ಓದುಬೆಟ್ಟದ ಬಾಗಿಲಲ್ಲಿ ದೇಕವ್ವೆ ಕಾದು ನಿಂತಿದ್ದಳು. ಅವಳು ಒಂದು ವರ್ಷದಲ್ಲಿ ಅರ್ಧ ಉತ್ತರ ಕಂಡುಕೊಂಡಿದ್ದಾಳೆಂದು ಕೇಳಿದಾಗ ಮಾಚಲೆಗೆ ಎದೆ ಚುರುಕ್ಕೆಂದಿತು. ಅದನ್ನು ಹಾಗೆಯೇ ಹೇಳಿದಳು.

"ಉರಿಯಲಿ ಬಿಡು" ಎಂದಳು ದೇಕವ್ವೆ ಅವಳ ಗಂಟನ್ನು ತೆಗೆದುಕೊಂಡು. "ಮೊದಲು ಊಟ ಮಾಡು. ನಡೆದು ಬಂದಿದ್ದೀಯ."

ಅವರಿಬ್ಬರೂ ವೃತ್ತಿ ಮುಗಿದ ಮೇಲೆ ಅಲ್ಲೇ ಗುರುಗಳಾಗಿ ಉಳಿದು, ಬೆಟ್ಟದ ಮೇಲೆ ಜೋಡಿ ಮನೆಗಳಲ್ಲಿ ಬಹುಕಾಲ ಬಾಳಿದರು. ಕೊಕ್ಕರೆಗಳು ಮತ್ತೆಂದೂ ದಾರಿ ತಪ್ಪಲಿಲ್ಲ. ಪದುಮನಾಡಿನ ಜನ ಸುಖವಾಗಿದ್ದರು, ಕತೆ ಕೇಳಿದ ನಾವೂ ಹಾಗೆಯೇ ಇರೋಣ.